ತುಡುವೆ ಪೆಟ್ಟಿಗೆಯ ಜಾಣ್ಮೆ

ಕೊಡಗು, ಸುಳ್ಯ, ಶಿರಸಿಯ ಕಡೆ ಮನೆಯ ಹಿತ್ತಲಲ್ಲಿ ನಾಲ್ಕು ಕಾಲಿನ ಸ್ಟ್ಯಾಂಡಿನ ಮೇಲೆ ಕೂತಿರುವ ಪುಟ್ಟ ಮರದ ಪೆಟ್ಟಿಗೆ ನೋಡಿದ್ದೀರಾ? ತಿರುಚಿನಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿದ್ದ ಫಾದರ್ ನ್ಯೂಟನ್ 1910ರ ದಶಕದಲ್ಲಿ ತುಡುವೆ ಜೇನಿನ ಗಾತ್ರಕ್ಕೆ ಹೊಂದುವಂತೆ ರೂಪಿಸಿದ ಪೆಟ್ಟಿಗೆಯದೇ ವಂಶ ಅದು.

ಕೆಳಗೆ ಸಂಸಾರ ಕೋಣೆ, ಮೇಲೆ ಜೇನುಕೋಣೆ. ಮೊಟ್ಟೆ-ಮರಿಗಳೆಲ್ಲ ಕೆಳಗಿರುವುದರಿಂದ ಮೇಲಿನ ಎರಿಗಳನ್ನಷ್ಟೇ ಯಂತ್ರದಲ್ಲಿ ತಿರುಗಿಸಿ ತುಪ್ಪ ತೆಗೆಯಬಹುದು. ಖಾಲಿ ಎರಿ ಮತ್ತೆ ಹುಳುಗಳಿಗೇ. ಹಿಂಡುವುದಿಲ್ಲ, ಸುಡುವುದಿಲ್ಲ. ಸ್ಟ್ಯಾಂಡಿನ ಕಾಲುಗಳಡಿ ನೀರಿನ ಬಟ್ಟಲಿಟ್ಟರೆ ಇರುವೆ ಹತ್ತದು.

ಪೆಟ್ಟಿಗೆಯಿಟ್ಟು ಮರೆತರೆ ಮಾತ್ರ ಆಗದು. ಮಳೆಗಾಲದಲ್ಲಿ ಹೂವಿಲ್ಲ, ಸಕ್ಕರೆ ಪಾಕ ಕೊಡಬೇಕು. ಸಂಸಾರ ಸೊರಗಿದರೆ ಮೇಣದ ಹುಳು ಎರಿಯನ್ನೇ ತಿನ್ನುತ್ತದೆ. 1990ರ ದಶಕದ ಆರಂಭದಲ್ಲಿ ಬಂದ ಥಾಯ್ ಸ್ಯಾಕ್‌ಬ್ರೂಡ್ ವೈರಸ್ಸಂತೂ ಮರಿಗಳನ್ನು ನೀರುಚೀಲ ಮಾಡಿ ಸಾವಿರಾರು ಪೆಟ್ಟಿಗೆಗಳನ್ನು ಬರಿದು ಮಾಡಿತು. ಉಳಿದ ಸಂಸಾರಗಳನ್ನೇ ಪಾಲು ಮಾಡಿ ಮತ್ತೆ ಕಟ್ಟಿದವರು ಸಣ್ಣ ಹಿಡುವಳಿದಾರರು.

ಅರ್ಧ ಎಕರೆಯವನಿಗೂ ಜೇನು ಸಾಕಲು ಬೇರೆ ಜಮೀನು ಬೇಡ. ತೋಟಕ್ಕೆ ಔಷಧಿ ಹೊಡೆಯುವವರು ಹೂ ಅರಳಿದ ಹೊತ್ತು ತಪ್ಪಿಸಿ, ಸಂಜೆ ಹೊಡೆದರೆ ಅದೇ ದೊಡ್ಡ ಉಪಕಾರ.