ಕಾದಂಬರಿಯ ಕೆಮ್ಮು

ನಮ್ಮ ಕಾದಂಬರಿಗಳಲ್ಲಿ ಮೂರನೆಯ ಪ್ರಕರಣದಲ್ಲಿ ಕೆಮ್ಮಿದ ಪಾತ್ರ ಕೊನೆಯ ಪ್ರಕರಣದವರೆಗೆ ಉಳಿಯುವುದಿಲ್ಲವೆಂಬುದನ್ನು ಓದುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲು ಒಣಕೆಮ್ಮು, ಆಮೇಲೆ ಸಂಜೆಯ ಜ್ವರ, ಅದರ ಮೇಲೆ ಕರವಸ್ತ್ರದಲ್ಲೊಂದು ಕೆಂಪು ಚುಕ್ಕೆ. ನಾಯಕ ಪರವೂರಿನಿಂದ ಓಡೋಡಿ ಬರುವ ಹೊತ್ತಿಗೆ ನಾಯಕಿ ಕಿಟಕಿಯ ಕಡೆ ಮುಖ ಮಾಡಿ ಮಲಗಿರುತ್ತಾಳೆ. ಈ ಕೆಮ್ಮು ನಮ್ಮವರ ಎದೆಯಿಂದ ಬಂದದ್ದಕ್ಕಿಂತ ಪರದೇಶದ ಪುಸ್ತಕಗಳಿಂದ ಬಂದದ್ದೇ ಹೆಚ್ಚೆಂದು ನನ್ನ ಅಭಿಪ್ರಾಯ. ಅದರಲ್ಲಿ ದೋಷವೇನೂ ಇಲ್ಲ; ಸಾಹಿತ್ಯ ಸಾಹಿತ್ಯದಿಂದ ಸಾಲ ತರುವುದು ಹಳೆಯ ಪದ್ಧತಿ. ಆದರೆ ತಂದ ಸಾಲದಿಂದ ಏನನ್ನು ಕೊಂಡೆವು, ಏನನ್ನು ಕೊಳ್ಳದೆ ಬಿಟ್ಟೆವು ಎಂದು ಆಗಾಗ ಲೆಕ್ಕ ನೋಡಬೇಕಾಗುತ್ತದೆ.

ಕಿರಿಯ ಡ್ಯೂಮಾನ ಕೆಮೀಲಿಯ ಹೂವಿನ ನಾಯಕಿಯ ಕಥೆ 1848ರಲ್ಲಿ ಪ್ರಕಟವಾಯಿತು. 1853ರಲ್ಲಿ ವೆರ್ಡಿ ಅದನ್ನು ‘ಲಾ ಟ್ರಾವಿಯಾಟಾ’ ಎಂಬ ಸಂಗೀತನಾಟಕವಾಗಿಸಿದ. ಅಲ್ಲಿ ಕ್ಷಯದಿಂದ ಸಾಯುತ್ತಿರುವ ಹೆಂಗಸು ಕೊನೆಯ ಅಂಕದಲ್ಲಿ, ಎರಡು ಶ್ವಾಸಕೋಶಗಳೂ ಗಟ್ಟಿಯಾಗಿರುವವರಿಗೇ ಕಷ್ಟವಾದ ಹಾಡುಗಳನ್ನು ಹಾಡಿ ಪ್ರಾಣ ಬಿಡುತ್ತಾಳೆ. ರಾಬರ್ಟ್ ಕಾಕ್ 1882ರಲ್ಲಿ ಕ್ಷಯದ ರೋಗಾಣುವನ್ನು ತೋರಿಸಿಕೊಟ್ಟ ಮೇಲೂ, ಇದು ಸೂಕ್ಷ್ಮ ಮನಸ್ಸಿನವರನ್ನು ಆರಿಸಿಕೊಂಡು ಬರುವ ಬೇನೆಯೆಂಬ ಭ್ರಮೆ ಸಾಹಿತ್ಯವನ್ನು ಬಿಟ್ಟು ಹೋಗಲಿಲ್ಲ. ಅಮೆರಿಕದ ಸೂಸಾನ್ ಸೊಂಟಾಗ್ 1978ರಲ್ಲಿ ಈ ಭ್ರಮೆಯನ್ನು ಕುರಿತು ಒಂದು ಪುಸ್ತಕವನ್ನೇ ಬರೆದರು. ಆ ಮಾತುಗಳನ್ನು ನಾನು ಇನ್ನೊಮ್ಮೆ ಹೇಳುವುದಿಲ್ಲ.

ಥಾಮಸ್ ಮಾನ್‌ನ ‘ದಿ ಮ್ಯಾಜಿಕ್ ಮೌಂಟನ್’ (1924) ಮಾತ್ರ ಬೇರೆಯ ತೂಕದ ಕೃತಿ. ಮೂರು ವಾರಕ್ಕೆಂದು ದಾವೋಸಿನ ಕ್ಷಯಧಾಮಕ್ಕೆ ಹೋದ ಹಾನ್ಸ್ ಕಾಸ್ಟಾರ್ಪ್ ಏಳು ವರ್ಷ ಅಲ್ಲಿಯೇ ಉಳಿಯುತ್ತಾನೆ. ತಾನು ಮೆಚ್ಚಿದ ಹೆಂಗಸಿನ ಎದೆಯ ಎಕ್ಸ್-ರೇ ಚಿತ್ರವನ್ನು ಭಾವಚಿತ್ರದಂತೆ ಜೋಪಾನವಾಗಿ ಇಟ್ಟುಕೊಳ್ಳುತ್ತಾನೆ. ಎದೆಯ ಒಳಗನ್ನು ಇಷ್ಟು ನಿಷ್ಠೆಯಿಂದ ನೋಡಿದ ಇನ್ನೊಬ್ಬ ಕಾದಂಬರಿಕಾರನನ್ನು ನಾನು ಓದಿಲ್ಲ. ಆದರೂ ಅದು ಬೆಟ್ಟದ ಮೇಲೆ ಕಂಬಳಿ ಹೊದ್ದು ಮಲಗಿ ತತ್ತ್ವ ಚರ್ಚಿಸುವ ಅನುಕೂಲ ಉಳ್ಳವರ ಎದೆ.

ಹಾಗಾದರೆ ಎದೆಯ ಒಳಗೆ ನಿಜವಾಗಿ ನಡೆಯುವುದೇನು? ಕಾದಂಬರಿಕಾರರಾಗಿದ್ದೂ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಬರೆದ ಶಿವರಾಮ ಕಾರಂತರ ನಾಡಿನಲ್ಲಿ, ಸಾಹಿತ್ಯದ ಪುಟದಲ್ಲಿ ಶರೀರದ ಮಾತು ಬಂದರೆ ಯಾರೂ ಹುಬ್ಬು ಗಂಟಿಕ್ಕಲಾರರೆಂದು ನಂಬಿದ್ದೇನೆ. ಕೊರಳಿನಿಂದ ಇಳಿದ ಶ್ವಾಸನಾಳ ಎರಡಾಗುತ್ತದೆ, ಎರಡು ನಾಲ್ಕಾಗುತ್ತವೆ. ಹೀಗೆ ಸುಮಾರು 23 ಸಲ ಕವಲೊಡೆದು ಗಾಳಿಯ ಪುಟ್ಟ ಗೂಡುಗಳಲ್ಲಿ ಮುಗಿಯುತ್ತದೆ. ಇಂಥ ಗೂಡುಗಳು 30 ಕೋಟಿಗೂ ಮಿಕ್ಕಿ ಇವೆ. ಎಲ್ಲವನ್ನೂ ಬಿಡಿಸಿ ಹಾಸಿದರೆ 70 ಚದರ ಮೀಟರಿನಷ್ಟು, ಎಂದರೆ ನಮ್ಮ ನಿಮ್ಮಂಥವರ ಎರಡು ಕೋಣೆಯ ಮನೆಯಷ್ಟು ಜಾಗ ಹಿಡಿಯುತ್ತದೆ. ಗೂಡಿನ ಈಚೆ ಗಾಳಿ, ಆಚೆ ರಕ್ತ. ನಡುವಣ ಗೋಡೆ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ತೆಳು. ಶ್ವಾಸಕೋಶಕ್ಕೆ ತನ್ನನ್ನು ತಾನೇ ಉಬ್ಬಿಸಿಕೊಳ್ಳುವ ಸ್ನಾಯುವಿಲ್ಲ. ಕೆಳಗಿನ ವಪೆ ತಗ್ಗಿ, ಪಕ್ಕೆಲುಬುಗಳು ಮೇಲೆದ್ದು ಎದೆಗೂಡು ಹಿಗ್ಗಿದಾಗ ಗಾಳಿ ತಾನಾಗಿ ಒಳಗೆ ಬರುತ್ತದೆ. ಒಂದು ಉಸಿರಿಗೆ ಅರ್ಧ ಲೀಟರು, ದಿನಕ್ಕೆ ಇಪ್ಪತ್ತು ಸಾವಿರ ಉಸಿರಿನ ಆಸುಪಾಸು. ನಾಳಗಳ ಒಳಮೈಯಲ್ಲಿ ಕಣ್ಣಿಗೆ ಕಾಣದ ರೋಮಗಳಿವೆ. ಧೂಳು ಅಂಟಿದ ಲೋಳೆಯನ್ನು ಅವು ಹಗಲಿರುಳು ಗಂಟಲಿನ ಕಡೆಗೆ ದೂಡುತ್ತಿರುತ್ತವೆ. ಬೀಡಿ ಸಿಗರೇಟಿನ ಹೊಗೆ ಮೊದಲು ಕೈ ಕಟ್ಟಿ ಕೂರಿಸುವುದು ಕಸ ಗುಡಿಸುವ ಈ ಆಳುಗಳನ್ನೇ. ಅವು ಮಾಡದೆ ಬಿಟ್ಟ ಕೆಲಸವನ್ನು ಬೆಳಗಾಗೆದ್ದು ಕೆಮ್ಮು ಮಾಡಬೇಕಾಗುತ್ತದೆ.

ನಿಟ್ಟುಸಿರಿನ ಸಂಗತಿ ಇನ್ನೂ ಸ್ವಾರಸ್ಯವಾದದ್ದು. ಸುಮ್ಮನೆ ಉಸಿರಾಡುತ್ತಿರುವಾಗ ಅಲ್ಲಲ್ಲಿ ಕೆಲವು ಗೂಡುಗಳು ಕುಸಿದು ಮುಚ್ಚಿಕೊಳ್ಳುತ್ತವೆ. ಐದು ನಿಮಿಷಕ್ಕೊಮ್ಮೆಯಂತೆ, ನಮಗೆ ಗೊತ್ತಾಗದ ಹಾಗೆ, ನಾವು ಮಾಮೂಲಿನ ಎರಡರಷ್ಟು ದೀರ್ಘವಾದ ಒಂದು ಉಸಿರೆಳೆದು ಅವನ್ನು ಮತ್ತೆ ಅರಳಿಸುತ್ತೇವೆ. ಇದನ್ನು ಹೊರಡಿಸುವ ನರಕೋಶಗಳ ಚಿಕ್ಕ ಗುಂಪನ್ನು 2016ರಲ್ಲಿ ಇಲಿಜಾತಿಯ ಪ್ರಾಣಿಗಳ ಮಿದುಳಿನಲ್ಲಿ ಗುರುತಿಸಿದ್ದಾರೆ. ನಮ್ಮ ನಾಯಕಿಯರು ನೂರು ವರ್ಷದಿಂದ ಬಿಡುತ್ತ ಬಂದಿರುವ ನಿಟ್ಟುಸಿರು ಅಷ್ಟರಮಟ್ಟಿಗೆ ಅವರ ಆರೋಗ್ಯಕ್ಕೆ ಒಳ್ಳೆಯದೇ ಆಯಿತು!

ಹಾಸ್ಯ ಹಾಗಿರಲಿ. ಬರೆಯುವವರಿಗೆ ಬೇಕಾದ ಮುಖ್ಯ ಸಂಗತಿ ಬೇರೊಂದಿದೆ. ಶ್ವಾಸಕೋಶದ ಒಳಮೈಗೆ ನೋವು ತಿಳಿಯುವುದಿಲ್ಲ. ಎದೆಯ ಗೋಡೆಗೆ ಅಂಟಿದ ಪೊರೆಗೆ ಉರಿ ತಗುಲಿದರೆ ಚುಚ್ಚುತ್ತದೆ. ಒಳಗಿನ ಗೂಡುಗಳು ಸಾವಿರ ಹರಿದರೂ ಸದ್ದಿಲ್ಲ. ಜೊತೆಗೆ ಪ್ರಕೃತಿ ಇಲ್ಲಿ ಧಾರಾಳಿ. ಒಂದು ಶ್ವಾಸಕೋಶವನ್ನೇ ತೆಗೆದುಹಾಕಿದರೂ ಬದುಕಿ ಓಡಾಡಿಕೊಂಡಿರುವವರಿದ್ದಾರೆ. ಆದ್ದರಿಂದ ಹತ್ತಿಪ್ಪತ್ತು ವರ್ಷ ಒಳಗೊಳಗೇ ಸವೆಯುತ್ತಿದ್ದರೂ ಮನುಷ್ಯನಿಗೆ ಅರಿವಾಗುವುದಿಲ್ಲ. ಮಹಡಿ ಹತ್ತುವಾಗ ಏದುಸಿರು ಬಂದರೆ ವಯಸ್ಸಾಯಿತೆಂದು ಸಮಾಧಾನ ಹೇಳಿಕೊಳ್ಳುತ್ತಾನೆ. ಕೂಗಿದವರ ಕಡೆಗೆ ಮಾತ್ರ ತಿರುಗಿ ನೋಡುವ ಲೇಖಕನಿಗೆ ಇವನು ಕಣ್ಣಿಗೆ ಬೀಳುವುದಾದರೂ ಹೇಗೆ?

ಕಂಡವರಿದ್ದಾರೆ. ಎಮಿಲ್ ಜೋಲಾನ ‘ಜರ್ಮಿನಲ್’ (1885) ತೆರೆಯುವುದೇ ಇಂಥವನೊಬ್ಬನಿಂದ. ಕೊರೆಯುವ ಚಳಿಯ ರಾತ್ರಿ, ಕಲ್ಲಿದ್ದಲ ಗಣಿಯ ಬಾಯಿಯ ಬಳಿ ಬೆಂಕಿಯ ಮುಂದೆ ಮುದುಕ ಬೋನ್ಮೋರ್ ಕೆಮ್ಮಿ ಕಪ್ಪಗೆ ಉಗುಳುತ್ತಾನೆ. ಚಿಕ್ಕ ಹುಡುಗನಾಗಿದ್ದಾಗಲೇ ಗಣಿಗೆ ಇಳಿದು ಅರ್ಧ ಶತಮಾನ ಕಳೆದವನು. ಆ ಉಗುಳಿನಲ್ಲಿ ಕರುಣರಸವಿಲ್ಲ, ಸೌಂದರ್ಯವೂ ಇಲ್ಲ. ಆದರೆ ಗಣಿಯ ಒಡೆತನ, ಕೂಲಿ, ವಂಶ, ಹಸಿವು ಎಲ್ಲವೂ ಇವೆ. ವೈದ್ಯನಾಗಿದ್ದ ಎ. ಜೆ. ಕ್ರೋನಿನ್ ವೇಲ್ಸಿನ ಗಣಿ ಊರುಗಳನ್ನು ಕಣ್ಣಾರೆ ಬಲ್ಲವನು. ಅವನ ‘ದಿ ಸಿಟಡೆಲ್’ (1937) ಕಾದಂಬರಿಯ ಡಾಕ್ಟರು ಗಣಿಯ ಧೂಳಿಗೂ ಕೂಲಿಯವರ ಎದೆಯ ಬೇನೆಗೂ ಇರುವ ನಂಟನ್ನು ಹುಡುಕುತ್ತಾನೆ. ಕಲೆಯ ದೃಷ್ಟಿಯಿಂದ ಇದನ್ನು ಮಾನ್‌ನ ಪಕ್ಕದಲ್ಲಿ ಇಡುವಂತಿಲ್ಲ, ಉತ್ತರಾರ್ಧವಂತೂ ಚಲಚ್ಚಿತ್ರಕ್ಕೆಂದು ಬರೆದಂತಿದೆ. ಆದರೂ ಇಂಥ ಒಂದು ಪುಸ್ತಕ ಕನ್ನಡದಲ್ಲಿರಬೇಕಿತ್ತೆಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ವಸ್ತುವಿಗೇನು ಬರವಿತ್ತೆ? ಕೋಲಾರದ ಚಿನ್ನದ ಗಣಿಗಳು ನಮ್ಮ ನಾಡಿನವೇ. ಒಂದೆರಡು ಕಡೆ ಮೂರು ಕಿಲೋಮೀಟರಿಗೂ ಆಳ ಇಳಿದಿದ್ದವು. ಅಲ್ಲಿಯ ಏಳು ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನು ಪರೀಕ್ಷಿಸಿದ ವರದಿ 1947ರಲ್ಲಿ ಪ್ರಕಟವಾಯಿತು. ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇತ್ತು. ಬೆಣಚುಕಲ್ಲಿನ ಧೂಳಿನ ಅತಿ ಸಣ್ಣ ಕಣಗಳು ರೋಮಗಳ ಕಾವಲನ್ನು ದಾಟಿ ಗೂಡಿನೊಳಗೆ ಸೇರುತ್ತವೆ. ಅವನ್ನು ನುಂಗಲು ಬಂದ ಕಾವಲುಕೋಶಗಳು ಅರಗಿಸಿಕೊಳ್ಳಲಾರದೆ ತಾವೇ ಸಾಯುತ್ತವೆ; ಸತ್ತ ಕಡೆಯಲ್ಲಿ ಗಾಯದ ಕಲೆಯಂಥ ಗಂಟು ಬೆಳೆಯುತ್ತದೆ. ಗಣಿಯ ಕೆಲಸ ಬಿಟ್ಟ ಮೇಲೂ ಗಂಟು ಬೆಳೆಯುವುದನ್ನು ಬಿಡುವುದಿಲ್ಲ, ಗುಣಪಡಿಸುವ ಮದ್ದು ಇಂದಿಗೂ ಇಲ್ಲ. ಗಣಿಗಳು 2001ರಲ್ಲಿ ಮುಚ್ಚಿದವು. ಕೆಳಗೆ ಇಳಿದವರಲ್ಲಿ ಬಹುಮಂದಿ ತಮಿಳು, ತೆಲುಗು ಮಾತಿನವರು, ಅವರಲ್ಲೂ ದಲಿತರು. ಕನ್ನಡದ ಲೇಖಕರಿಗೆ ಅವರ ಬದುಕು ದೂರವಾಗಿ ಉಳಿದದ್ದಕ್ಕೆ ಇದು ಕಾರಣವಿರಬಹುದು, ಸಮರ್ಥನೆಯಾಗಲಾರದು. ಆ ಊರಿನ ಹೆಸರು ಹೊತ್ತ ಕನ್ನಡ ಚಲಚ್ಚಿತ್ರವೊಂದು 2018ರಲ್ಲಿ ದೇಶವನ್ನೆಲ್ಲ ಸುತ್ತಿ ಬಂದಿತು. ಅದರಲ್ಲಿ ಧೂಳಿಗೆ ಬರವಿಲ್ಲ, ಆದರೆ ಧೂಳು ವೀರನ ಪ್ರವೇಶಕ್ಕೆ ಹಾಕಿದ ಪರದೆಯಾಗಿದೆ.

ಅಡಿಗೆಮನೆಯ ವಿಷಯದಲ್ಲಿ ಭಾಷೆ ಬೇರೆ, ಜನ ಬೇರೆ ಎಂಬ ನೆಪಕ್ಕೂ ಎಡೆಯಿಲ್ಲ. ಹಸಿ ಸೌದೆ, ಊದುಗೊಳವೆ, ಮಸಿ ಹಿಡಿದ ಗೋಡೆ, ಒಲೆಯ ಮುಂದೆ ಕಣ್ಣೊರೆಸಿಕೊಳ್ಳುವ ತಾಯಿ: ಇವು ನಮ್ಮ ಸಣ್ಣಕಥೆಗಳ ಸ್ಥಿರಾಸ್ತಿ. ಕಣ್ಣೀರು ಹೊಗೆಯದೋ ದುಃಖದ್ದೋ ಎಂದು ಕಥೆಗಾರ ಪ್ರತಿಸಲವೂ ಕೇಳುತ್ತಾನೆ. ಆ ಹೊಗೆ ಕಣ್ಣಿನಲ್ಲಿ ನಿಲ್ಲುವುದಿಲ್ಲ, ಎದೆಗೆ ಇಳಿಯುತ್ತದೆಂದು ನೆನೆದವರು ಕಡಮೆ. ಜೀವಮಾನದಲ್ಲಿ ಒಂದು ಬೀಡಿಯನ್ನೂ ಮುಟ್ಟದ ಹೆಂಗಸರಲ್ಲಿ, ವರ್ಷಗಟ್ಟಲೆ ಒಲೆಯ ಮುಂದೆ ಕುಳಿತ ಕಾರಣದಿಂದ, ನಾಳಗಳು ಕಿರಿದಾಗಿ, ಗೂಡುಗಳ ಗೋಡೆ ಹರಿದು, ಬಿಟ್ಟ ಉಸಿರು ಪೂರ್ತಿ ಹೊರಗೆ ಹೋಗದಂತಾಗುವುದನ್ನು ವೈದ್ಯರು ಈಗ ಚೆನ್ನಾಗಿ ಬಲ್ಲರು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಲೋಕದಲ್ಲಿ ಸತ್ತವರು 32 ಲಕ್ಷವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಗ್ಯಾಸಿನ ಒಲೆ ಬಂದಿತಲ್ಲ ಎನ್ನುವಿರೇನೊ. ಬಂದಿದೆ, ನಿಜ, ಆದರೆ ಹಳ್ಳಿಯ ಎಷ್ಟೋ ಮನೆಗಳ ಬಚ್ಚಲ ಹಂಡೆಯ ಕೆಳಗೆ ಈಗಲೂ ಸೌದೆಯೇ ಉರಿಯುತ್ತದೆ.

ಇನ್ನು ನಮ್ಮ ಕಾದಂಬರಿಗಳ ಪ್ರೀತಿಯ ಕ್ಷಯಕ್ಕೇ ಬರೋಣ. ಕ್ಷಯಧಾಮದ ಮಂಚಕ್ಕಿಂತ ಮನೆಯಲ್ಲಿದ್ದು ಔಷಧಿ ತೆಗೆದುಕೊಳ್ಳುವುದು ಏನೂ ಕಡಮೆಯಲ್ಲವೆಂದು ಮದರಾಸಿನಲ್ಲಿ ನಡೆದ ಪ್ರಯೋಗ 1959ರಲ್ಲಿಯೇ ತೋರಿಸಿತು. ಬೆಟ್ಟದ ಮೇಲಿನ ಕಾದಂಬರಿ ಅಲ್ಲಿಗೆ ಮುಗಿದಂತಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅಲ್ಲಿಯ ಸಂಶೋಧಕರು ತುಮಕೂರು ಜಿಲ್ಲೆಯಲ್ಲಿ ಕ್ಷಯ ತಗುಲಿದವರನ್ನು ಹುಡುಕಿಕೊಂಡು ಹೋಗಿ ಮಾತನಾಡಿಸಿದರು. 1963ರಲ್ಲಿ ಅದು ಅಚ್ಚಾಯಿತು. ಹಳ್ಳಿಯವನಿಗೆ ತಿಳಿವಳಿಕೆಯಿಲ್ಲ, ರೋಗವನ್ನು ಬಚ್ಚಿಡುತ್ತಾನೆ ಎಂಬುದು ಪಟ್ಟಣದ ನಂಬಿಕೆಯಾಗಿತ್ತು. ಕಂಡುಬಂದದ್ದೇ ಬೇರೆ. ಬಹುಪಾಲು ಎಲ್ಲರಿಗೂ ತಮಗೇನೋ ಆಗಿದೆಯೆಂದು ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ತಾವಾಗಿಯೇ ಆಸ್ಪತ್ರೆಗೆ ಹೋಗಿಯೂ ಇದ್ದರು. ಅಲ್ಲಿ ಕಫ ಪರೀಕ್ಷಿಸುವ ಬದಲು ಕೆಮ್ಮಿನ ಔಷಧಿಯ ಸೀಸೆಯೊಂದನ್ನು ಕೊಟ್ಟು ಕಳುಹಿಸಿದ್ದರು.

ಕೆಲಸ ಬಿಟ್ಟು, ಆಸ್ಪತ್ರೆಯ ಮುಂದೆ ಕಾದು, ಸೀಸೆ ಹಿಡಿದು ಮರಳಿದ ಆ ಮನುಷ್ಯ ವರದಿಯಲ್ಲಿ ಒಂದು ಅಂಕಿ. ಅವನ ಹೆಂಡತಿ ಏನೆಂದಳು, ಸೀಸೆ ಎಷ್ಟು ದಿನ ಬಂತು, ಮತ್ತೆ ಹೋದನೆ, ಹೋಗದೆ ಬಿಟ್ಟನೆ ಎಂದು ಕಾದಂಬರಿಕಾರನೊಬ್ಬ ಕೇಳಬಹುದಿತ್ತು. ಅವನನ್ನು ಕುರಿತ ಕನ್ನಡ ಕಥೆ ನನ್ನ ಓದಿಗೆ ಸಿಕ್ಕಿಲ್ಲ. ವಾಚಕರಲ್ಲಿ ಯಾರಾದರೂ ಓದಿದ್ದರೆ ಪುಸ್ತಕದ ಹೆಸರನ್ನು ಈ ಪುರವಣಿಗೆ ಬರೆದು ತಿಳಿಸಲಿ.