ಸ್ಟೆಲ್ಲೇರಿಯಮ್‌ನಲ್ಲಿ ನಮ್ಮೂರಿನ ಆಕಾಶ

ಆಕಾಶದ ಬಗ್ಗೆ ಏನು ಹುಡುಕಿದರೂ ಅಂತರ್ಜಾಲದಲ್ಲಿ ರಾಶಿ ರಾಶಿ ಸಿಗುತ್ತದೆ. ಆದರೆ ಇವತ್ತು ಕತ್ತಲಾದ ಮೇಲೆ ನಮ್ಮ ಮನೆಯ ಪೂರ್ವಕ್ಕೆ ಹೊಳೆಯುತ್ತಿರುವುದು ಯಾವುದು ಎಂದು ಕೇಳಿದರೆ ನೇರ ಉತ್ತರ ಕೊಡುವ ಸಾಧನಗಳು ಕಡಿಮೆ. ಅವುಗಳಲ್ಲಿ ನನಗೆ ಮೊದಲನೆಯದು ಸ್ಟೆಲ್ಲೇರಿಯಮ್. ಫ್ರಾನ್ಸಿನ ಫ್ಯಾಬಿಯಾನ್ ಶೆರೋ 2000ರಲ್ಲಿ ಶುರುಮಾಡಿದ ಈ ಮುಕ್ತ ತಂತ್ರಾಂಶವನ್ನು ಕಂಪ್ಯೂಟರಿಗೆ ಉಚಿತವಾಗಿ ಇಳಿಸಿಕೊಳ್ಳಬಹುದು. ಬ್ರೌಸರಿನಲ್ಲೇ ನೋಡುವ ರೂಪವೂ ಇದೆ.

ಇದರ ಕಸುವು ತಿಳಿಯಲು ಅಗಸ್ತ್ಯ ನಕ್ಷತ್ರವನ್ನು ಹುಡುಕಬೇಕು. ಊರು ಪ್ಯಾರಿಸ್ ಎಂದಿದ್ದರೆ ಅಗಸ್ತ್ಯ ವರ್ಷವಿಡೀ ಮೂಡುವುದೇ ಇಲ್ಲ. ಬೆಂಗಳೂರಿಗೆ ಬದಲಿಸಿ, ಫೆಬ್ರವರಿ ಎರಡನೇ ವಾರದ ಒಂದು ರಾತ್ರಿ ಒಂಬತ್ತೂಕಾಲಕ್ಕೆ ಸಮಯ ಇಡಿ: ಲುಬ್ಧಕದ ಕೆಳಗೆ, ನೇರ ದಕ್ಷಿಣದಲ್ಲಿ, ಸುಮಾರು 24 ಡಿಗ್ರಿ ಎತ್ತರದಲ್ಲಿ ಅದು ನಿಂತಿರುತ್ತದೆ. ಬೀದರಿಗೆ ಹೋದರೆ ಅದರ ಗರಿಷ್ಠ ಎತ್ತರ 19 ಡಿಗ್ರಿಗೆ ಇಳಿಯುತ್ತದೆ. ಭೂಮಿ ದುಂಡಗಿದೆ ಎಂಬುದನ್ನು ಮಕ್ಕಳಿಗೆ ಇಷ್ಟು ಬೇಗ ಮನಗಾಣಿಸುವ ಪಾಠ ಬೇರೊಂದು ನನಗೆ ಗೊತ್ತಿಲ್ಲ.

ಕೊರತೆ ಇರುವುದು ದಿಗಂತದಲ್ಲಿ. ತಂತ್ರಾಂಶ ತೆರೆದೊಡನೆ ಕಾಣುವ ಹುಲ್ಲುಗಾವಲು, ಮರಗಳು ಫ್ರಾನ್ಸಿನ ಗೆರೆನ್ ಎಂಬ ಹಳ್ಳಿಯವು. ಶೃಂಗೇರಿ ಕಡೆಯ ಅಂಗಳದಲ್ಲಿ ನಿಂತವರಿಗೆ ಗುಡ್ಡ, ಅಡಿಕೆ ತೋಟ ಸುತ್ತುವರಿದಿರುತ್ತವೆ. ಬುಧ 8 ಡಿಗ್ರಿ ಮೇಲಿದ್ದಾನೆ ಎಂದು ಪರದೆ ತೋರಿಸುತ್ತದೆ, ಗುಡ್ಡದ ನೆತ್ತಿಯೇ 15 ಡಿಗ್ರಿ ಇರುತ್ತದೆ. ಇದಕ್ಕೆ ಪರಿಹಾರವೂ ಇದೆ: ಯಾವ ದಿಕ್ಕಿನಲ್ಲಿ ಎಷ್ಟು ಎತ್ತರದವರೆಗೆ ಮರೆ ಎಂದು ಸಾಲುಸಾಲಾಗಿ ಬರೆದ ಸಣ್ಣ ಕಡತದಿಂದ ನಮ್ಮದೇ ದಿಗಂತ ಕಟ್ಟಬಹುದು. ಇಷ್ಟು ಉಪಯುಕ್ತ ಸೌಲಭ್ಯವನ್ನು ಕೈಪಿಡಿಯ ಒಳಪುಟಗಳಲ್ಲಿ ಬಚ್ಚಿಟ್ಟಿರುವುದು ದೊಡ್ಡ ಲೋಪ.

ರಾಶಿಯ ವಿಷಯದಲ್ಲೂ ಓದುಗರು ಎಚ್ಚರವಾಗಿರಬೇಕು. ಗುರುಗ್ರಹದ ಮೇಲೆ ಒತ್ತಿದರೆ ಬರುವ ನಕ್ಷತ್ರಪುಂಜದ ಹೆಸರು 1930ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಗಡಿಗಳ ಪ್ರಕಾರದ್ದು. ಪಂಚಾಂಗದ ರಾಶಿಗಳು ತಲಾ 30 ಡಿಗ್ರಿಯ ಸಮಪಾಲುಗಳು. ಎರಡೂ ಬೇರೆ ಬೇರೆ ಲೆಕ್ಕ. ಹೋಲಿಸಿ ನೋಡಿ ಗಲಿಬಿಲಿಗೊಳ್ಳುವವರಿಗೆ ಅಲ್ಲೊಂದು ಸಾಲಿನ ವಿವರಣೆಯಾದರೂ ಬೇಕಿತ್ತು. ಧೂಮಕೇತುಗಳ ಹೊಳಪನ್ನಂತೂ ಅಂದಾಜು ಎಂದೇ ತಿಳಿಯಬೇಕು.

ಗ್ರಹ, ನಕ್ಷತ್ರ ಎಲ್ಲಿವೆ, ಯಾವಾಗ ಮೂಡುತ್ತವೆ ಎಂಬುದಕ್ಕೆ ಇದನ್ನು ಧಾರಾಳವಾಗಿ ನಂಬಬಹುದು. ಎಷ್ಟು ಕಾಣುತ್ತದೆ ಎಂಬುದನ್ನು ಹೊರಗೆ ಹೋಗಿಯೇ ನೋಡಬೇಕು. ನಮ್ಮ ಹವ್ಯಾಸಿ ಖಗೋಳ ಸಂಘಗಳು, ವಿಜ್ಞಾನ ಶಿಕ್ಷಕರು ತಮ್ಮ ತಮ್ಮ ಊರಿನ ದಿಗಂತದ ಕಡತ ತಯಾರಿಸಿ ಎಲ್ಲರಿಗೂ ಹಂಚಲಿ.