ಗೊಂದಲಿ ಪದಗಳು: ಎಣಿಕೆ ಮತ್ತು ಕಟ್ಟುವಿಕೆ

ಬಾಗಲಕೋಟೆಯ ವೆಂಕಪ್ಪ ಅಂಬಾಜಿ ಸುಗತೇಕರ ಅವರ ಹೆಸರಿನೊಡನೆ ಸಾವಿರಕ್ಕೂ ಮಿಕ್ಕಿದ ಗೊಂದಲಿ ಪದಗಳ ಲೆಕ್ಕವೂ ಬರುತ್ತದೆ. 2024ರ ಫೆಬ್ರವರಿಯ ‘ಮನ್ ಕೀ ಬಾತ್’ ಬಾನುಲಿ ಕಾರ್ಯಕ್ರಮದಲ್ಲಿ ಈ ಸಂಖ್ಯೆಯೇ ಉಲ್ಲೇಖಗೊಂಡಿತು. 2025ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಸಂಖ್ಯೆಯು ಗಾಯಕನ ನೆನಪಿನ ಬಲವನ್ನು ತಿಳಿಸುತ್ತದೆಯೇ ಹೊರತು ಪದ ಕಟ್ಟುವ ಬಗೆಯನ್ನಲ್ಲ.

ಗೊಂದಲವು ಮೂಲತಃ ಅಂಬಾಭವಾನಿಯ ಆರಾಧನೆ. ಮದುವೆಯಂಥ ಮಂಗಳಕಾರ್ಯ ನಡೆದ ಮನೆಯಲ್ಲಿ, ದೀವಟಿಗೆಯ ಬೆಳಕಿನಲ್ಲಿ ಇರುಳಿಡೀ ಸಾಗುವ ಈ ವಿಧಿಯಲ್ಲಿ ದೇವಿಯ ಆವಾಹನೆ, ಸ್ತುತಿ, ಕಥನ ಹಾಗೂ ಹಾಸ್ಯದ ಮಾತು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಸಂಬಾಳ, ಚೌಡಿಕೆಗಳ ಲಯ ಕಥೆಯ ತಿರುವನ್ನು ಅನುಸರಿಸುತ್ತದೆ. ಹಿಮ್ಮೇಳದವನ ಪ್ರಶ್ನೆ ಮುಂದಿನ ನುಡಿಗೆ ದಾರಿಮಾಡುತ್ತದೆ. ಕೇಳುಗರನ್ನು ನೋಡಿ ಕಥೆಯನ್ನು ಹಿಗ್ಗಿಸುವ, ಕುಗ್ಗಿಸುವ ಹಾಡುಗಾರನು ಆ ಮಟ್ಟಿಗೆ ಪದದ ಕರ್ತೃವೂ ಹೌದು.

ಕೆಲವೇ ನಿಮಿಷಗಳ ವೇದಿಕೆಗೆ ಬಂದಾಗ ಪದ ಉಳಿದು ಕಥನ ಕಳಚುತ್ತದೆ. ಮುದ್ರಿತ ಸಂಕಲನವೂ ಈ ಕೊರತೆಯನ್ನು ತುಂಬಲಾರದು. ಸುಗತೇಕರ ಅವರು ಶುಲ್ಕವಿಲ್ಲದೆ ನೂರಾರು ವಿದ್ಯಾರ್ಥಿಗಳಿಗೆ ನೀಡಿದ ತರಬೇತಿಯು ಪ್ರಶಸ್ತಿಗಿಂತ ಮಿಗಿಲಾದ ಸಾಧನೆಯೆನಿಸುವುದು ಈ ಹಿನ್ನೆಲೆಯಲ್ಲಿ. ಗೊಂದಲಿ ಪದಗಳ ಸಂಗ್ರಹಕಾರ್ಯವು ಬಿಡಿಪದಗಳ ಬರವಣಿಗೆಯಿಂದಲ್ಲದೆ, ಇರುಳಿಡೀ ನಡೆಯುವ ಆರಾಧನೆಯ ಸಮಗ್ರ ಧ್ವನಿಮುದ್ರಣದಿಂದ ಆರಂಭವಾಗಬೇಕಾದುದೂ ಇದೇ ಕಾರಣಕ್ಕೆ.